ಶಿಬಿರಕ್ಕೆ ಮೈಕು, ಸೋರಿಕೆಗೆ ಮೌನ

ರಕ್ತಪರೀಕ್ಷೆ ಕಂಪನಿಯ ಮಾನ್ಯ ಕುಂದುಕೊರತೆ ಅಧಿಕಾರಿಗಳೇ,

ನಿಮ್ಮ ಕಂಪನಿಯ ಕಡತಗಳಿಂದ ನಮ್ಮ ಜನರ ಹೆಸರು, ಫೋನ್ ನಂಬರು, ಕಾಯಿಲೆ ಎಲ್ಲವೂ ಸೋರಿಹೋದದ್ದು ನಿಮಗೆ ಮಾರ್ಚ್ ಹನ್ನೊಂದರಂದೇ ಗೊತ್ತಾಗಿತ್ತು. ನಮಗೆ ಗೊತ್ತಾದದ್ದು ಅಕ್ಟೋಬರಿನಲ್ಲಿ, ಅದೂ ನಾನಾಗಿಯೇ ಬರೆದು ಕೇಳಿದ ಮೇಲೆ. ಈ ಎರಡರ ನಡುವೆ ನನ್ನ ಅಕ್ಕ ಚೆನ್ನಬಸಮ್ಮ ಬಲಗಾಲಿನ ಎರಡು ಬೆರಳು ಕಳೆದುಕೊಂಡಳು. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ. ವಿವರ ಓದುವುದೇ ನಿಮ್ಮ ಉದ್ಯೋಗವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಹೆಸರಾಗಲಿ, ಕಂಪನಿಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಯಾರದೇ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡುವುದಿಲ್ಲ ಎಂದು ನೀವು ಶಿಬಿರದಲ್ಲಿ ನಮ್ಮ ಜನರಿಂದ ಸಹಿ ಹಾಕಿಸಿಕೊಂಡ ಅರ್ಜಿಯ ಕೊನೆಯ ಪುಟದಲ್ಲಿಯೇ ಅಚ್ಚಾಗಿದೆ. ನಮ್ಮಿಬ್ಬರಲ್ಲಿ ಒಬ್ಬರಾದರೂ ಆ ಮಾತಿನಂತೆ ನಡೆದುಕೊಳ್ಳೋಣ.

ಮೊದಲು ನನ್ನ ಪರಿಚಯ. ನಾನು ಗಾದಿಲಿಂಗಪ್ಪ, ಕಂಪ್ಲಿಯವನು. ಇಪ್ಪತ್ತಾರು ವರ್ಷಗಳಿಂದ ಮೈಕಿನಲ್ಲಿ ಊರೂರು ಸಾರುವುದು ನನ್ನ ಕೆಲಸ. ಮೊದಲು ಸೈಕಲ್ಲಿನ ಮೇಲೆ, ಈಗ ಆಟೋದಲ್ಲಿ. ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಕರೆಂಟು ಯಾವತ್ತು ಇರುವುದಿಲ್ಲ, ಕಾಲುವೆಗೆ ನೀರು ಎಂದು ನಿಲ್ಲುತ್ತದೆ, ಯಾರ ಎಮ್ಮೆ ಕಳೆದಿದೆ, ಇವೆಲ್ಲ ನನ್ನ ಬಾಯಿಂದಲೇ ಜನರ ಕಿವಿಗೆ ಹೋಗಬೇಕು. ಕಂಪ್ಲಿಯಲ್ಲಿ ನನ್ನ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರಿಲ್ಲ. ನಿಮ್ಮ ಕಂಪನಿಗೂ ಇದು ಗೊತ್ತಿತ್ತು. ಅದಕ್ಕೇ ಕಳೆದ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ವಾರ, ನಿಮ್ಮ ಇಬ್ಬರು ಸಿಬ್ಬಂದಿ ನನ್ನನ್ನು ಹುಡುಕಿಕೊಂಡು ಬಂದು ಕೈಗೆ ಒಂದು ಹಾಳೆ ಕೊಟ್ಟರು.

ಹಾಳೆಯಲ್ಲಿ ಹೀಗಿತ್ತು: ಉಚಿತ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ, ಬನ್ನಿ, ನಿಮ್ಮವರನ್ನೂ ಕರೆತನ್ನಿ, ಆಧಾರ್ ಕಾರ್ಡು ಮತ್ತು ಫೋನು ಮರೆಯದೆ ತನ್ನಿ. ನಾನು ಮೂರು ದಿನ ಕಂಪ್ಲಿ, ಎಮ್ಮಿಗನೂರು ಮತ್ತು ಸುತ್ತಲಿನ ಊರುಗಳಲ್ಲಿ ಗಂಟಲು ಹರಿಯುವ ಹಾಗೆ ಸಾರಿದೆ. ಸಂಡೂರಿಗೂ ಹೊಸಪೇಟೆಗೂ ಬೇರೆ ಆಟೋ ಕಳಿಸಿದ್ದಿರಂತೆ. ಒಂದು ವಿಷಯವನ್ನು ಜನರಿಗೆ ಮುಟ್ಟಿಸಬೇಕೆಂದು ಮನಸ್ಸು ಮಾಡಿದರೆ ನಿಮ್ಮ ಕಂಪನಿಗೆ ಅದು ಬಹಳ ಚೆನ್ನಾಗಿ ಬರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನನ್ನ ಅಕ್ಕ ಇರುವುದು ಎಮ್ಮಿಗನೂರಿನಲ್ಲಿ. ಭಾವ ಹನುಮಣ್ಣ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಅಕ್ಕ ಹದಿನಾಲ್ಕು ಹೆಂಗಸರ ನಾಟಿ ಗುಂಪನ್ನು ನಡೆಸುತ್ತಾಳೆ. ಯಾರ ಗದ್ದೆಗೆ ಯಾವ ದಿನ, ಯಾವ ಹೆಂಗಸು ಯಾವ ಸಾಲು, ಎಲ್ಲವೂ ಅವಳ ಮಾತಿನಂತೆಯೇ. ಅವಳು ಗದ್ದೆಗೆ ಇಳಿದರೆ ಗುಂಪು ಇಳಿಯುತ್ತದೆ. ಶಿಬಿರದ ದಿನ ಅಕ್ಕ ಮಧ್ಯಾಹ್ನವೇ ಕೆಸರುಗಾಲಲ್ಲಿ ಎದ್ದು, "ನಮ್ ಗಾದಿ ಒದರಾಕತ್ಯಾನ, ನಡೀರಿ, ಅಂವ ಸುಮ್ಮಸುಮ್ಮನ ಒದರಂಗಿಲ್ಲ" ಎಂದು ಗುಂಪನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಅವಳು ಬಂದದ್ದು ನಿಮ್ಮನ್ನು ನಂಬಿ ಅಲ್ಲ, ಮಾನ್ಯರೇ. ನನ್ನನ್ನು ನಂಬಿ. ಈ ಪತ್ರ ಬರೆಯಲು ಕೂತದ್ದೇ ಆ ಒಂದು ಮಾತಿಗೆ.

ಶಿಬಿರದಲ್ಲಿ ನಿಮ್ಮ ಹುಡುಗಿ ಟ್ಯಾಬು ಹಿಡಿದು ಒಬ್ಬೊಬ್ಬರ ವಿವರ ಬರೆದುಕೊಳ್ಳುತ್ತಿದ್ದಳು. ಹೆಸರು, ವಯಸ್ಸು, ನುಂಗುವ ಮಾತ್ರೆ ಎಲ್ಲಾ ಆಯಿತು. "ಯಜಮಾನರ ಹೆಸರೇನಮ್ಮಾ?" ಎಂದಳು. ನಮ್ಮ ಕಡೆ ಅಕ್ಕನ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಗಂಡ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಪಕ್ಕದಲ್ಲಿ ಇರುವವರು ಹೇಳಬೇಕು. ಅಕ್ಕ ಸೆರಗು ಬಾಯಿಗೆ ಹಿಡಿದು, ಚಹಾ ಕುಡಿಯುತ್ತ ನಿಂತಿದ್ದ ನನ್ನ ಕಡೆ ಕೈ ತೋರಿಸಿ, "ಇವನ್ನ ಕೇಳವಾ" ಎಂದಳು. ಹುಡುಗಿ ನನ್ನನ್ನು ನೋಡಿ, "ನಿಮ್ಮ ಹೆಸರೇನು ಸಾರ್?" ಎಂದಳು. ನಾನು ನನ್ನ ಹೆಸರು ಹೇಳಿದೆ. ಅವಳು ಬರೆದುಕೊಂಡಳು.

ಮರುದಿನ ವರದಿಯ ಕಾಗದ ಬಂದಾಗ ನನ್ನ ಹೆಂಡತಿ ಲಲಿತಾ ಓದಿ ನೋಡುತ್ತಾಳೆ: ಚೆನ್ನಬಸಮ್ಮ, ಗಂಡ ಗಾದಿಲಿಂಗಪ್ಪ. ಮನೆಯಲ್ಲಿ ಒಂದು ವಾರ ಅದೇ ನಗೆ. "ಏನ್ರಿ, ಅಲ್ಲೊಂದು ಸಂಸಾರ ಇಟ್ಟೀರಿ, ನನಗ ಹೇಳೇ ಇಲ್ಲ" ಎಂದು ಲಲಿತಾ ಊಟಕ್ಕೆ ಕುಳಿತಾಗಲೆಲ್ಲ ಕಾಡುತ್ತಿದ್ದಳು. ತಿದ್ದಿಸೋಣ ಎಂದೆ. "ಬಿಡೋ, ರಕ್ತಾ ನೋಡಾಕ ಗಂಡನ ಹೆಸರು ಯಾಕ ಬೇಕು ಅವ್ರಿಗೆ?" ಎಂದಳು ಅಕ್ಕ. ಉತ್ತರ ನಿಮ್ಮಲ್ಲಿ ಇದ್ದರೆ ತಿಳಿಸಿ.

ಮೇ ತಿಂಗಳಲ್ಲಿ ಅಕ್ಕನಿಗೆ ಒಂದು ಫೋನು ಬಂತು. ಗಂಡಸಿನ ದನಿ, ಪುಸ್ತಕದ ಕನ್ನಡ. "ಜನವರಿಯಲ್ಲಿ ನಮ್ಮ ಶಿಬಿರಕ್ಕೆ ಬಂದಿದ್ದಿರಲ್ಲಮ್ಮಾ, ನಿಮ್ಮ ಸಕ್ಕರೆ ಇನ್ನೂರ ಎಂಬತ್ತಾರು ಇತ್ತು. ನಮ್ಮ ಡಾಕ್ಟರು ನಿಮ್ಮ ವರದಿ ನೋಡಿ ಚಿಂತೆಯಲ್ಲಿದ್ದಾರೆ" ಎಂದ. ಅಕ್ಕ ಓದಿದವಳಲ್ಲ, ಆದರೆ ದಡ್ಡಿಯೂ ಅಲ್ಲ. ಫೋನಿನಲ್ಲಿ ಮೋಸ ಮಾಡುವವರ ಬಗ್ಗೆ ಎಚ್ಚರವಾಗಿರಿ ಎಂದು ನಾನೇ ಅವಳ ಓಣಿಯಲ್ಲಿ ಎರಡು ಸಲ ಸಾರಿದ್ದೇನೆ. ಹಾಗಾಗಿ ಅವನನ್ನು ಪರೀಕ್ಷೆಗೇ ಹಚ್ಚಿದಳು. "ನೀವು ಅಲ್ಲಿಯವ್ರ ಅಂತ ನಾ ಹೆಂಗ ನಂಬ್ಲಿ? ನನ್ ಬಗ್ಗೆ ಏನ್ ಬರಕಂಡೀರಿ ಹೇಳ್ರಿ ನೋಡೂಣು" ಎಂದಳು. ಅವನು ವಯಸ್ಸು ಹೇಳಿದ, ಊರು ಹೇಳಿದ, ಯಾವ ಮಾತ್ರೆ ಎಂದು ಹೇಳಿದ. ಕೊನೆಗೆ, "ನಿಮ್ಮ ಯಜಮಾನರು ಗಾದಿಲಿಂಗಪ್ಪನವರು ಆರೋಗ್ಯವಾಗಿದ್ದಾರಾ?" ಎಂದು ಕೇಳಿದ.

ಅಕ್ಕ ಬಿದ್ದು ಬಿದ್ದು ನಕ್ಕಳಂತೆ. "ಅಯ್ಯ ಯಪ್ಪಾ, ಅಂವ ನನ್ ತಮ್ಮ ರೀ! ಆ ಹುಡುಗಿ ತಪ್ಪು ಬರಕಂಡೈತಿ" ಎಂದಳಂತೆ. ಆ ನಗೆಯಲ್ಲೇ ಅವಳ ಅನುಮಾನವೂ ಹೋಯಿತು. ಸರಿಯಾದ ಸಂಗತಿಯನ್ನು ಯಾರು ಬೇಕಾದರೂ ಎಲ್ಲಿಂದಲಾದರೂ ತಿಳಿದುಕೊಂಡಾರು. ಈ ತಪ್ಪು ನಿಮ್ಮ ಶಿಬಿರದಲ್ಲಿ ಮಾತ್ರ ಹುಟ್ಟಿದ್ದು. ಆದ್ದರಿಂದ ಅದನ್ನು ಹೇಳುವವನು ಶಿಬಿರದವನೇ ಆಗಿರಬೇಕು. ಯಾವ ವಕೀಲರೂ ಇದಕ್ಕಿಂತ ಚೆನ್ನಾಗಿ ವಾದಿಸಲಾರರು. ನಿಮ್ಮಲ್ಲಿ ಸೋರಿಕೆಯಾಗಿದೆ ಎಂಬ ಒಂದು ಸುದ್ದಿ ಮಾತ್ರ ಅವಳಿಗೆ ಸಿಕ್ಕಿರಲಿಲ್ಲ. ಅದು ಎರಡು ತಿಂಗಳಿಂದ ನಿಮ್ಮ ಬಳಿ ಭದ್ರವಾಗಿತ್ತು. ನಿಮ್ಮಲ್ಲಿ ಭದ್ರವಾಗಿ ಉಳಿದದ್ದು ಅದೊಂದೇ.

ಆ ದನಿಯವನು ಅಂಚೆಯಲ್ಲಿ ಒಂದು ಪುಡಿಯ ಡಬ್ಬಿ ಕಳಿಸಿದ. ಪುಡಿ ಶುರು ಮಾಡಿದ ದಿನದಿಂದ ಮಾತ್ರೆ ನಿಲ್ಲಿಸಬೇಕು, ಎರಡೂ ಸೇರಿದರೆ ಕಿಡ್ನಿಗೆ ಪೆಟ್ಟು ಎಂದ. ಅಕ್ಕ ಚಾಚೂ ತಪ್ಪದೆ ಪಾಲಿಸಿದಳು. ಡಬ್ಬಿಗೆ ಕೊಟ್ಟ ದುಡ್ಡಿನ ಮಾತನ್ನು ನಾನು ಎತ್ತುವುದಿಲ್ಲ, ಅದು ಹೋದರೆ ಹೋಗಲಿ. ಜುಲೈ ಕೊನೆಗೆ ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು. ಕೆಸರಿನಲ್ಲಿ ಒಡೆದ ಬಸವನಹುಳದ ಚಿಪ್ಪು ಕಾಲಿಗೆ ಹೊಕ್ಕಿದೆ. ಸಕ್ಕರೆ ಏರಿದ ಕಾಲಿಗೆ ನೋವು ಎಲ್ಲಿ ತಿಳಿಯಬೇಕು? ಒಂಬತ್ತು ದಿನ ಅದೇ ಕಾಲಲ್ಲಿ ಗದ್ದೆಗಿಳಿದಳು. ಬೆರಳು ಕಪ್ಪಾಗಿದ್ದನ್ನು ಮೊದಲು ನೋಡಿದ್ದು ಗುಂಪಿನ ಜಂಬವ್ವ. ಹೊಸಪೇಟೆಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಕಿರುಬೆರಳು ಮತ್ತು ಅದರ ಪಕ್ಕದ್ದನ್ನು ತೆಗೆದರು. ಇನ್ನು ಮೇಲೆ ಕೆಸರಿಗೆ ಇಳಿಯಲೇಬಾರದು ಎಂದರು ಡಾಕ್ಟರು. ನಾಟಿ ಮಾಡುವವಳಿಗೆ ಕೆಸರಿಗೆ ಇಳಿಯಬೇಡ ಅಂದರೆ ಇನ್ನೇನು ಉಳಿಯಿತು ಎಂದು ನಾನು ಅವರನ್ನು ಕೇಳಲಿಲ್ಲ. ಅವರ ತಪ್ಪೇನೂ ಇರಲಿಲ್ಲ.

ಅಕ್ಕನ ಹಾಸಿಗೆಯ ಪಕ್ಕ ಕುಳಿತು ಲಲಿತಾ ಕೇಳಿದಳು, "ಗುಳಿಗಿ ಬಿಡು ಅಂತ ಯಾರ ಹೇಳಿದ್ರಕ್ಕಾ?" ಅಕ್ಕ ಫೋನಿನ ಕಥೆ ಹೇಳಿದಳು, ಗಂಡನ ಹೆಸರಿನ ತಮಾಷೆಯನ್ನೂ ಹೇಳಿದಳು. ನಾನು ನಕ್ಕೆ. ಲಲಿತಾ ನಗಲಿಲ್ಲ. "ಅಲ್ರೀ, ನೀವು ಅಕ್ಕನ ಗಂಡ ಅಂತ ಬರದಿದ್ದು ಆ ಕ್ಯಾಂಪಿನ್ಯಾಗ ಒಂದ. ಅದು ಅಂವಗ ಹೆಂಗ ಗೊತ್ತಾತು?" ಎಂದಳು. ನನ್ನ ನಗೆ ಅಲ್ಲಿಗೇ ನಿಂತಿತು.

ಅವಳ ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ, ವೋಟಿನ ಚೀಟಿಯಲ್ಲಿ ಹನುಮಣ್ಣನ ಹೆಸರೇ ಇದೆ. ಈ ಭೂಮಿಯ ಮೇಲೆ ನಾನು ನನ್ನ ಸ್ವಂತ ಅಕ್ಕನ ಗಂಡನಾಗಿರುವುದು ನಿಮ್ಮ ಕಡತದಲ್ಲಿ ಮಾತ್ರ. ಹಾಗೆಂದು ಆಗಸ್ಟ್ ಕೊನೆಯಲ್ಲಿ ನಿಮಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆ. ಅಕ್ಟೋಬರಿನಲ್ಲಿ ಉತ್ತರ ಬಂತು. ನಾನು ಕನ್ನಡದಲ್ಲಿ ಕೇಳಿದ್ದೆ, ನೀವು ಇಂಗ್ಲಿಷಿನಲ್ಲಿ ಹೇಳಿದಿರಿ. ಹೈಸ್ಕೂಲಿನ ಗಿರೀಶ್ ಮೇಷ್ಟ್ರು ಓದಿ ಅರ್ಥ ಹೇಳಿದರು. ಮಾರ್ಚ್ ಹನ್ನೊಂದರಂದು ಸೀಮಿತ ಪ್ರಮಾಣದ ಅನಧಿಕೃತ ಪ್ರವೇಶವೊಂದು ನಿಮ್ಮ ಗಮನಕ್ಕೆ ಬಂದಿತ್ತು. ಅದನ್ನು ನಿಮ್ಮ ಜಾಲತಾಣದಲ್ಲಿ ಪ್ರಕಟಿಸಲಾಗಿತ್ತು. ಗ್ರಾಹಕರಲ್ಲಿ ಅನಗತ್ಯ ಆತಂಕ ಉಂಟಾಗಬಾರದೆಂದು ಯಾರಿಗೂ ಪ್ರತ್ಯೇಕವಾಗಿ ತಿಳಿಸಿರಲಿಲ್ಲ. ನಮ್ಮ ಖಾಸಗಿತನ ನಿಮಗೆ ಬಹಳ ಅಮೂಲ್ಯ. ಮೇಷ್ಟ್ರು ಎರಡು ಸಲ ಓದಿದರು, ಬೇರೆ ಏನಾದರೂ ಬರೆದಿದೆಯೇನೋ ಎಂದು. ಬರೆದಿರಲಿಲ್ಲ.

ಜಾಲತಾಣದ ಮಾತು ಮೊದಲು ಮುಗಿಸೋಣ. ಶಿಬಿರಕ್ಕೆ ಜನ ಬೇಕಾದಾಗ ನೀವು ಜಾಲತಾಣದಲ್ಲಿ ಹಾಕಿ ಸುಮ್ಮನೆ ಕುಳಿತಿರಾ? ಇಲ್ಲ. ನನ್ನ ಆಟೋ ಹುಡುಕಿಕೊಂಡು ಬಂದಿರಿ, ಓಣಿ ಓಣಿ ಸುತ್ತಿಸಿದಿರಿ, "ಇನ್ನೂ ಜೋರಾಗಿ ಹೇಳ್ರಿ" ಎಂದಿರಿ. ಸೋರಿಕೆಯಾದಾಗ ಮಾತ್ರ ಎಮ್ಮಿಗನೂರಿನ ನಾಟಿ ಹೆಂಗಸರು ನಿಮ್ಮ ಇಂಗ್ಲಿಷ್ ಜಾಲತಾಣವನ್ನು ದಿನಾ ಬೆಳಿಗ್ಗೆ ತೆರೆದು ನೋಡುತ್ತಾರೆಂದು ಭಾವಿಸಿದಿರಿ. ಕಂಪ್ಲಿ ಹೊಳೆಗೆ ನೀರು ಬಿಟ್ಟ ಸುದ್ದಿಯನ್ನು ನಾನು ಸಂಡೂರಿನ ಗುಡ್ಡ ಹತ್ತಿ ಸಾರಿ ಬಂದು, ಸಾರಿದ್ದೇನೆ ಎಂದು ಬರೆದುಕೊಟ್ಟರೆ ನೀವು ಒಪ್ಪುತ್ತೀರಾ?

ಇನ್ನು ಆತಂಕದ ಮಾತು. ಇದರಲ್ಲಿ ನನಗೆ ಅನುಭವವಿದೆ, ಸಂಬಳ ಪಡೆದು ಆತಂಕ ಹಂಚುವ ಕೆಲಸವೇ ನನ್ನದು. ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟು ಎತ್ತುವ ಮೊದಲು ಹೊಳೆದಂಡೆಯ ಊರುಗಳಿಗೆ ಸುದ್ದಿ ಬರುತ್ತದೆ. ನಾನು ಆಟೋ ತೆಗೆಯುತ್ತೇನೆ. "ಹೊಳಿಗೆ ನೀರ್ ಬಿಡ್ತಾರ, ದಂಡಿಗೆ ಯಾರೂ ಹೋಗಬ್ಯಾಡ್ರಿ, ದನಾ ಬಿಡಬ್ಯಾಡ್ರಿ" ಎಂದು ಸಾರುತ್ತೇನೆ. ಜನರಿಗೆ ಆತಂಕವಾಗುತ್ತದೆಯೇ? ಖಂಡಿತ ಆಗುತ್ತದೆ. ಬಟ್ಟೆ ಒಗೆಯುವವಳು ಒದ್ದೆ ಗಂಟು ಕಂಕುಳಿಗೆ ಏರಿಸಿ ಎದ್ದು ಬರುತ್ತಾಳೆ. ಅತ್ತ ಹಂಪಿಯಲ್ಲಿ ಹರಿಗೋಲಿನವರು ಅರ್ಧ ದುಡಿಮೆ ಬಿಟ್ಟು ಹರಿಗೋಲು ಮೇಲೆ ಎಳೆದು ಕಟ್ಟುತ್ತಾರೆ. ಒಬ್ಬರಾದರೂ ಬಂದು, ಯಾಕಪ್ಪಾ ನನಗೆ ಅನಗತ್ಯ ಆತಂಕ ಕೊಟ್ಟೆ ಎಂದು ಇಪ್ಪತ್ತಾರು ವರ್ಷಗಳಲ್ಲಿ ನನ್ನನ್ನು ಕೇಳಿಲ್ಲ. ಎಷ್ಟೋ ಸಲ ನೀರು ದಂಡೆಯವರೆಗೂ ಬರದೆ ಹೋಗಿದೆ. ಆಗಲೂ ಕೇಳಿಲ್ಲ. ಆತಂಕಪಡುವುದೋ ಬಿಡುವುದೋ ನಮ್ಮ ಕೆಲಸ, ಮಾನ್ಯರೇ. ಅದನ್ನು ನಮ್ಮ ಪರವಾಗಿ ನೀವು ನಿರ್ಧರಿಸಬೇಕೆಂದು ಅರ್ಜಿಯಲ್ಲಿ ಎಲ್ಲಿಯೂ ಸಹಿ ಹಾಕಿಸಿಕೊಂಡಿಲ್ಲ.

ಒಂದೇ ಒಂದು ಸಾಲು ಸಾಕಿತ್ತು. "ನಮ್ಮ ಹೆಸರಲ್ಲಿ ಯಾರಾದರೂ ಫೋನು ಮಾಡಿದರೆ ನಂಬಬೇಡಿ" ಎಂಬ ಸಾಲು. ಮಾರ್ಚಿನಲ್ಲೋ ಏಪ್ರಿಲ್ಲಿನಲ್ಲೋ ಹೇಳಿದ್ದರೆ ಮೇ ತಿಂಗಳಲ್ಲಿ ಅಕ್ಕ ಆ ದನಿಗೆ ಏನು ಉತ್ತರ ಕೊಡುತ್ತಿದ್ದಳು ಎಂಬುದನ್ನು ಇಲ್ಲಿ ಬರೆಯಲಾರೆ. ಮನೆಮಂದಿ ಓದುವ ಪತ್ರ ಇದು.

ಹೌದು, ಬಾಯಿ ಬಿಟ್ಟರೆ ಕಂಪನಿಯ ಮಾನ ಹೋಗುತ್ತದೆ. ಅದೂ ನನಗೆ ಗೊತ್ತು. ಎಂಟು ವರ್ಷದ ಹಿಂದೆ ಕೋಟೆ ಓಣಿಯ ಭರಮಣ್ಣ ತೀರಿಕೊಂಡರೆಂದು ಬೆಳಿಗ್ಗೆ ಏಳಕ್ಕೆ ಸಾರಿದೆ, ಮಣ್ಣು ಮಧ್ಯಾಹ್ನ ಎರಡಕ್ಕೆ ಎಂದೂ ಹೇಳಿದೆ. ತೀರಿಕೊಂಡದ್ದು ಅದೇ ಹೆಸರಿನ ಅವರ ದೊಡ್ಡಪ್ಪನ ಮಗ. ಹನ್ನೊಂದನೆಯ ಓಣಿಯಲ್ಲಿ ಭರಮಣ್ಣನೇ ಹೆಗಲಿಗೆ ಟವೆಲ್ಲು ಹಾಕಿಕೊಂಡು ಆಟೋ ಮುಂದೆ ಬಂದು ನಿಂತ. "ಲೇ ಗಾದಿ, ನಿಂದ್ರಲೇ! ನನಗ ಒಂದ್ ಮಾತ್ ಹೇಳ್ದಂಗ ನನ್ ಮಣ್ಣಿಗೆ ಟೈಮ್ ಇಟ್ಟೀಯೇನಲೇ?" ಎಂದ. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ತಪ್ಪು ಸಾರಿದವನೇ ಅದನ್ನು ತಿದ್ದಿ ಸಾರಬೇಕು, ಅದೇ ಓಣಿಗಳಲ್ಲಿ, ಅಷ್ಟೇ ಗಟ್ಟಿಯಾಗಿ. ಭರಮಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೊಂದು ಓಣಿ ತಿರುಗಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಭರಮಣ್ಣ ಎರಡೂ ಕಡೆ ಕೈ ಮುಗಿಯುತ್ತ ಬಂದ. ಮಾನ ಹೋಯಿತು. ಮರುದಿನ ಕೆಲಸ ಬಂತು. ಮೊದಲಿಗಿಂತ ಹೆಚ್ಚು ಬಂತು, ಏಕೆಂದರೆ ಗಾದಿ ತಪ್ಪು ಮಾಡಿದರೂ ಬಂದು ಹೇಳುತ್ತಾನೆ ಎಂದು ಜನರಿಗೆ ತಿಳಿಯಿತು.

ಆ ಕಟ್ಟಳೆಯಂತೆಯೇ, ನಿಮ್ಮ ಉತ್ತರ ಕೈಗೆ ಬಂದ ದಿನ ನಾನು ನನ್ನದೇ ಖರ್ಚಿನಲ್ಲಿ ಆಟೋ ತೆಗೆದೆ. ಜನವರಿಯಲ್ಲಿ ಶಿಬಿರಕ್ಕೆ ಕರೆದ ಓಣಿಗಳಲ್ಲೇ, "ಕ್ಯಾಂಪಿಗೆ ಹೋದವರ ವಿವರ ಕಳ್ಳರ ಕೈಗೆ ಸಿಕ್ಕೈತಿ, ಪುಡಿ ಮಾರವ್ರ ಮಾತು ಕೇಳಬ್ಯಾಡ್ರಿ, ಗುಳಿಗಿ ಬಿಡಬ್ಯಾಡ್ರಿ" ಎಂದು ಸಾರಿದೆ. ಜನ ಮನೆಯಿಂದ ಹೊರಬಂದು ಒಂದೇ ಪ್ರಶ್ನೆ ಕೇಳಿದರು: "ಪಟ್ಟ್ಯಾಗ ನನ್ ಹೆಸರೈತೇನು?" ನನಗೆ ಹೇಗೆ ಗೊತ್ತಾಗಬೇಕು? ಆ ಪಟ್ಟಿ ನಿಮ್ಮ ಹತ್ತಿರ ಇದೆ, ಕಳ್ಳರ ಹತ್ತಿರವೂ ಇದೆ. ಪಟ್ಟಿಯಲ್ಲಿರುವವರ ಹತ್ತಿರ ಮಾತ್ರ ಇಲ್ಲ.

ಮೇಲೆ ಹೇಳಿದೆನಲ್ಲ, ಅಕ್ಕನ ಕಪ್ಪು ಬೆರಳನ್ನು ಮೊದಲು ನೋಡಿದ ಜಂಬವ್ವ, ಅವಳೂ ಅದೇ ಪುಡಿ ತಿನ್ನುತ್ತಿದ್ದಾಳೆ. ಮಾತ್ರೆ ಬಿಟ್ಟು ಐದು ತಿಂಗಳಾಯಿತು. ಅವಳ ಮನೆಯ ಗೋಡೆಯ ಮಾಡದಲ್ಲಿ ಮೂರನೆಯ ಡಬ್ಬಿ ಇದೆ. ನಾನು ಹೋಗಿ ಬೇಡಿಕೊಂಡೆ. ಅಕ್ಕನ ಕಾಲು ನೋಡಿಯೂ ತಿನ್ನುತ್ತೀಯಲ್ಲ ಎಂದು ಬೈದೆ. "ಅಕಿಗೆ ಚಿಪ್ಪು ಹೊಕ್ಕಿದ್ದಕ್ಕ ಆತು. ಪುಡಿ ಏನ್ ಮಾಡೀತು?" ಎಂದಳು. ನಿಮ್ಮ ಪತ್ರ ತೋರಿಸಿದೆ. "ಇದ್ರಾಗ ನನ್ ಹೆಸರೈತೇನು?" ಎಂದಳು. ಇರಲಿಲ್ಲ. ಕೊನೆಗೆ ಅವಳು ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: "ಕ್ಯಾಂಪಿಗೆ ಬರ್ರಿ ಅಂದವನೂ ನೀನ, ಈಗ ಬ್ಯಾಡ ಅನ್ನವನೂ ನೀನ. ನಿನಗೇನ್ ಗೊತ್ತು? ಕಂಪನ್ಯಾರು ವಾರಕ್ಕೊಮ್ಮೆ ಫೋನ್ ಮಾಡಿ ನನ್ನ ವಿಚಾರಿಸ್ತಾರ. ಅವ್ರ ಬ್ಯಾಡ ಅನ್ಲಿ, ಅವತ್ತ ಒಲಿಗೆ ಹಾಕ್ತೀನಿ."

ಅಂದರೆ, ವಾರಕ್ಕೊಮ್ಮೆ ಫೋನು ಮಾಡಿ ವಿಚಾರಿಸುವಷ್ಟು ಕಾಳಜಿ ಕಳ್ಳರಿಗಿದೆ. ಅವರಿಗೆ ನಮ್ಮ ಕನ್ನಡವೂ ಬರುತ್ತದೆ.

ನಾನು ಸುಮ್ಮನಾಗಲಿಲ್ಲ. ಜಂಬವ್ವನ ವಿಷಯವನ್ನೂ ಸೇರಿಸಿ ನಿಮಗೆ ಎರಡನೆಯ ಪತ್ರ ಬರೆದೆ. ಈ ಸಲ ಉತ್ತರ ಒಂಬತ್ತೇ ದಿನಕ್ಕೆ ಬಂತು, ಒಳಗೆ ಎರಡೇ ಸಾಲು. ತಮ್ಮ ದೂರಿನ ಮೇರೆಗೆ ಚೆನ್ನಬಸಮ್ಮನವರ ಪತಿಯ ಹೆಸರಿನ ದೋಷವನ್ನು ಸರಿಪಡಿಸಲಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.

ಈ ಎರಡು ಸಾಲು ಓದಿ ಹೇಳಿದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಅಕ್ಕನಿಗೆ ಹೇಳಿದೆ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. "ಗಂಡನ್ನರ ತಿದ್ದಿದ್ರಲ್ಲ" ಎಂದಳು. ಆಮೇಲೆ, "ನನ್ದು ಹೋತು ಬಿಡು ತಮ್ಮಾ. ಜಂಬಿ ಕಾಲು ಉಳಸಪಾ. ನಿನ್ ದನಿಗೆ ಅಕೀನ್ನ ಎಬ್ಬಿಸಿಕೊಂಡು ಹೋದಾಕಿ ನಾನು" ಎಂದಳು. ಅಕ್ಕ ಅತ್ತದ್ದು ಅವತ್ತೇ, ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಪರಿಹಾರ ಕೇಳುತ್ತಿಲ್ಲ, ಕ್ಷಮೆಯೂ ಬೇಡ. ಕಾನೂನಿನಲ್ಲಿ ಏನಿದೆ ಎಂಬುದನ್ನು ತಿಳಿದವರು ಚರ್ಚಿಸಲಿ, ನನಗೆ ಅಷ್ಟು ಪುರುಸೊತ್ತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎರಡನೆಯ ಬೆಳೆಯ ನಾಟಿ ಶುರುವಾಗುತ್ತದೆ, ಜಂಬವ್ವ ಬರಿಗಾಲಲ್ಲಿ ಗದ್ದೆಗಿಳಿಯುತ್ತಾಳೆ. ಇನ್ನು ಉಳಿದಿರುವುದು ಇಪ್ಪತ್ತಾರು ದಿನ. ಅಷ್ಟರೊಳಗೆ ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ, ಅವರ ಹೆಸರು ಬರೆದು, ಕನ್ನಡದಲ್ಲಿ, ನಿಮ್ಮ ಸಹಿ ಹಾಕಿ ಕಾಗದ ಕಳಿಸಿ. ಏನೇನು ಸೋರಿದೆ, ಯಾವಾಗ ಸೋರಿದೆ, ಫೋನು ಮಾಡುತ್ತಿರುವವರು ನೀವಲ್ಲ ಎಂದು ಬರೆಯಿರಿ. ವಿಳಾಸ ನಿಮ್ಮಲ್ಲಿದೆ, ಅದನ್ನು ನಾವೇ ಕೊಟ್ಟಿದ್ದೇವೆ. ಕಾಗದ ಓದಲು ಬಾರದವರಿಗಾಗಿ ಅದೇ ಮಾತನ್ನು ಒಂದು ಹಾಳೆಯಲ್ಲಿ ಬರೆದು, ಜನವರಿಯಲ್ಲಿ ಕೊಟ್ಟಂತೆಯೇ ನನ್ನ ಕೈಗೆ ಕೊಡಿ. ಅದೇ ಓಣಿಗಳಲ್ಲಿ ಸಾರಿ ಬರುತ್ತೇನೆ, ಬಾಡಿಗೆ ಬೇಡ. ನಿಮ್ಮ ಒಬ್ಬ ಸಿಬ್ಬಂದಿ ಮಾತ್ರ ಕಂಪನಿಯ ಅಂಗಿ ಹಾಕಿಕೊಂಡು ನನ್ನ ಪಕ್ಕ ಆಟೋದಲ್ಲಿ ಕೂರಬೇಕು, ಭರಮಣ್ಣ ಕೂತ ಹಾಗೆ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಮಾತನ್ನು ನಂಬಲು ಎಮ್ಮಿಗನೂರಿನಲ್ಲಿ ಒಬ್ಬ ಹೆಂಗಸು ಕಾದು ಕುಳಿತಿದ್ದಾಳೆ. ನನ್ನ ಮಾತು ಅವಳಿಗೆ ಸಾಲದಾಗಿದೆ. ದಯಮಾಡಿ ಅವಳಿಗೆ ಬೇಡ ಎಂದು ಹೇಳಿ.

ಇಂತಿ,
ನಿಮ್ಮ ಕಡತದಲ್ಲಿ ತಮ್ಮನೆಂದು ತಿದ್ದಿಸಿಕೊಂಡು, ಕಳ್ಳರ ಪ್ರತಿಯಲ್ಲಿ ಇನ್ನೂ ತನ್ನ ಅಕ್ಕನ ಗಂಡನಾಗಿಯೇ ಉಳಿದಿರುವ,
ಗಾದಿಲಿಂಗಪ್ಪ
ಮೈಕಿನಲ್ಲಿ ಸಾರುವವನು, ಕಂಪ್ಲಿ